ಹಳದಿ ಹಾಳೆಯ ಕೆಳಗಿನ ರಾಜಕುಮಾರಿ

"ನನ್ನ ರಾಜಕುಮಾರಿ ಕೈಯಿಂದ ಚಾಕು ಕಿತ್ಕೊಂಡಿದ್ದು ಯಾರು?"

ಧಡ್! ದಪ್ಪ ಲಕೋಟೆಯೊಂದು ಮೇಜಿನ ಮೇಲೆ ಬಿತ್ತು. ಪೆನ್ಸಿಲ್‌ಗಳು ಉರುಳಿದವು. ಟೋಕಿಯೋದ ಆ ಪುಟ್ಟ ಅನಿಮೆ ಸ್ಟುಡಿಯೋದಲ್ಲಿ ಬೆಳಗಿನ ಹನ್ನೊಂದಕ್ಕೆ ಯಾರೂ ಅಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ.

ನಿರ್ದೇಶಕ ಹಿನೋಹರಾ ಬೆಚ್ಚಿ ತಲೆಯೆತ್ತಿದ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹೆಣ್ಣೊಬ್ಬಳು ಅವನನ್ನು ಸುಟ್ಟುಬಿಡುವಂತೆ ನೋಡುತ್ತಿದ್ದಳು.

"ನೀವು...?"

"ಕುವಬಾತ ಚಿಜುರು. ಮೂರು ತಿಂಗಳಿಂದ ನಿಮಗೆ ಚಿತ್ರ ಬರೆದು ಕಳಿಸ್ತಿರೋಳು. ಮುಖ ಗೊತ್ತಿಲ್ಲ, ಸರಿ. ನನ್ನ ಗೆರೆ ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಅವಳು ನಗರದಂಚಿನ ಕೊಗಾನೇಯಿಯ ತನ್ನ ಒಂಟಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದಳು. ಚಿತ್ರಗಳು ಲಕೋಟೆಯಲ್ಲಿ ಹೋಗುತ್ತಿದ್ದವು, ಅವನ ತಿದ್ದುಪಡಿ ಹೊತ್ತು ವಾಪಸ್ ಬರುತ್ತಿದ್ದವು. ಅವಳ ಚಿತ್ರವನ್ನು ಅಳಿಸುವಂತಿಲ್ಲ. ತೆಳು ಹಳದಿ ಹಾಳೆಯನ್ನು ಅದರ ಮೇಲಿಟ್ಟು ತಿದ್ದಬೇಕು. ಅದು ಅಲ್ಲಿನ ಪದ್ಧತಿ.

ಒಮ್ಮೆ ಹಳದಿ ಹಾಳೆಯ ಮೂಲೆಯಲ್ಲಿ ಅವನು ಬರೆದಿದ್ದ: 'ಈ ಬೆರಳುಗಳಿಗೆ ಜೀವವಿದೆ. ತಿದ್ದಲು ಮನಸ್ಸಾಗಲಿಲ್ಲ.'

ಆ ಹಾಳೆ ಇವತ್ತಿಗೂ ಅವಳ ಅಡುಗೆಮೂಲೆಯ ಗೋಡೆಯ ಮೇಲಿದೆ. ಮುಖ ನೋಡದ ಗಂಡಸಿನ ಅಕ್ಷರಕ್ಕೆ ಮನಸ್ಸು ಕೊಟ್ಟು ಕೂತಿದ್ದಳು, ಪಾಪ! ಅದನ್ನು ಈಗ ಬಾಯಿಬಿಡುವಷ್ಟು ಹುಚ್ಚಿಯೇನಲ್ಲ.

"ಒಂಬತ್ತು ದಿನ ಕೂತು ಬರೆದೆ," ಎಂದಳು ಚಿಜುರು. "ಇಪ್ಪತ್ತೆರಡು ಹಾಳೆ. ಗೋಪುರದಲ್ಲಿ ಕಟ್ಟಿಹಾಕಿದ ರಾಜಕುಮಾರಿ ಬೂಟಿನಿಂದ ಚಾಕು ತೆಗೆದು ತನ್ನ ಹಗ್ಗ ತಾನೇ ಕೊಯ್ತಾಳೆ. ಈಗ ನೋಡಿ! ಚಾಕು ಮಾಯ. ಕೈ ಎದೆ ಮೇಲೆ. ಕಣ್ಣಲ್ಲಿ ಬಕೆಟ್‌ಗಟ್ಟಲೆ ನೀರು. ನಾಯಕ ಹಾರಿ ಬಂದು ಮೂಟೆ ಥರ ಎತ್ಕೊಂಡು ಹೋಗ್ತಾನೆ!"

"ಕುವಬಾತ-ಸಾನ್, ಸ್ವಲ್ಪ ಮೆಲ್ಲಗೆ..."

"ಹನ್ನೊಂದು ಕಂತು ಕುದುರೆ ಓಡಿಸಿದೋಳು ಕೊನೇ ಕಂತಲ್ಲಿ ಹಗ್ಗ ನೋಡಿ ಅಳ್ತಾಳಾ? ಚಿಕ್ಕೋಳಿದ್ದಾಗಿಂದ ಇದನ್ನೇ ನೋಡಿ ನೋಡಿ ಸಾಕಾಗಿದೆ. ಕೆಳಗಡೆ ಒಪ್ಪಿಗೆ ಅಂತ ನಿಮ್ಮ ಹೆಸರಿನ ಮುದ್ರೆ ಬೇರೆ! ನಾಚಿಕೆ ಆಗಲ್ವಾ?"

ಅವನು ಎದ್ದು ಬಾಗಿಲು ಮುಚ್ಚಿದ. ಮುಖ ಕಪ್ಪಿಟ್ಟಿತ್ತು.

"ನಿರ್ಮಾಪಕರ ಹಟ. ದುಡ್ಡು ಹಾಕಿರೋ ಕಂಪನಿ ತನ್ನ ಆಟಿಕೆ ಕತ್ತಿ ಮಾರ್ಬೇಕು, ಅದಕ್ಕೆ ನಾಯಕನೇ ಕತ್ತಿ ಹಿಡಿದು ಬಂದು ಬಿಡಿಸ್ಬೇಕಂತೆ. ನೀವು ಒಪ್ಪದಿದ್ರೆ ಕೆಲಸ ಬೇರೆಯವರಿಗೆ, ನಿಮ್ಮ ಹೆಸರು ಕಲಾವಿದರ ಪಟ್ಟಿಯಿಂದ ಔಟ್. ಬೇಡ ಅಂತ ವಾದ ಮಾಡಿದೆ, ಕೇಳ್ಲಿಲ್ಲ. ಕೊನೆಗೆ ನಾನೇ ತಿದ್ದಿದೆ. ನಿಮ್ಮ ಹೆಸರು ಉಳೀಲಿ, ಬೈಗುಳ ನನಗೆ ಬರಲಿ ಅಂತ..."

ಚಿಜುರುವಿನ ಎದೆ ಒಂದು ಕ್ಷಣ ಕರಗಿತು. ಒಂದೇ ಕ್ಷಣ! ಮರುಕ್ಷಣ ಸಿಟ್ಟು ಎರಡರಷ್ಟಾಯಿತು.

"ಅಂದ್ರೆ ನನ್ನನ್ನೂ ಗೋಪುರದಲ್ಲಿ ಕೂರಿಸಿಬಿಟ್ರಿ."

"ಏನಂದ್ರಿ?"

"ನನ್ನ ಜಗಳ ನನಗೇ ಹೇಳ್ದೆ ನೀವು ಆಡಿದ್ರಿ. ಸೋತೂ ಬಂದ್ರಿ! ನಿಮ್ಮ ಕಥೆ ನಾಯಕ ಗೆಲ್ಲೋದಾದ್ರೂ ಗೆಲ್ತಾನೆ."

ಚುರ್ರೆಂದಿತು ಅವನಿಗೆ. "ನಾನೇನು ಮಾಡ್ಬೇಕಿತ್ತು?"

"ಒಂದು ಫೋನ್! 'ಹೀಗಾಗಿದೆ, ಬನ್ನಿ' ಅಂತ. ಅಷ್ಟೇ ಸಾಕಿತ್ತು."

ಅವನು ಲಕೋಟೆ ಬಿಚ್ಚಿ, ತನ್ನ ಹಳದಿ ಹಾಳೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಕೆಳಗೆ ಅವಳ ರಾಜಕುಮಾರಿ, ಚಾಕು ಸಮೇತ, ಹಾಗೇ ಇದ್ದಳು.

"ಅಸಗಿರಿ-ಸಾನ್ ಹನ್ನೆರಡಕ್ಕೆ ಬರ್ತಾರೆ. ಅವರೇ ನಿರ್ಮಾಪಕರು. ನೀವೂ ಬರ್ತೀರಾ?"

"ಕೇಳ್ತಿದ್ದೀರಾ, ಹೇಳ್ತಿದ್ದೀರಾ?"

"ಕೇಳ್ತಿದ್ದೀನಿ."

"ಹಾಗಾದ್ರೆ ಬರ್ತೀನಿ."

ಹನ್ನೆರಡಕ್ಕೆ ಬಂದ ಅಸಗಿರಿ ಮೇಜಿನಾಚೆ ಬೇವು ಅಗಿದವನಂತೆ ಕೂತಿದ್ದ. ಚಿಜುರು ಹಾಳೆಗಳ ಮೂಲೆ ಹಿಡಿದು ಪಟಪಟನೆ ಬಿಟ್ಟಳು. ಚಿತ್ರ ಚಲಿಸಿತು: ಹಗ್ಗ ತುಂಡಾಯಿತು, ರಾಜಕುಮಾರಿ ಎದ್ದಳು, ಬಾಗಿಲು ತಳ್ಳಿದಳು. ಹೊರಗೆ, ಚಿಜುರು ಮೊದಲೇ ಬರೆದಿದ್ದಂತೆ, ನಾಯಕ ಕತ್ತಿ ಹಿಡಿದು ಸೈನಿಕರನ್ನು ತಡೆಯುತ್ತಿದ್ದ.

ಹಿನೋಹರಾ ಏನೋ ಹೇಳಲು ಬಾಯಿ ತೆರೆದ. ಮೇಜಿನ ಕೆಳಗೆ ಅವಳು ಅವನ ಕಾಲು ತುಳಿದಳು. ಅವನು ಸ್ಟಾಪ್‌ವಾಚ್ ಒತ್ತಿ, "ದೃಶ್ಯ ಸರಿಯಾಗಿ ನಾಲ್ಕು ಸೆಕೆಂಡು" ಎಂದಷ್ಟೇ ಹೇಳಿದ.

"ಕತ್ತಿ ಕಾಣುತ್ತಲ್ಲ, ಅಸಗಿರಿ-ಸಾನ್?" ಎಂದಳು ಚಿಜುರು. "ಅವನಿಗೂ ಕೆಲಸ ಇದೆ, ಅವಳಿಗೂ ಇದೆ. ಬೇಕಾದ್ರೆ ಆ ಚಾಕುನೂ ಮಾಡಿ ಮಾರಿ."

"ಆಟಿಕೆ ಖರ್ಚಾಗ್ಲಿಲ್ಲ ಅಂದ್ರೆ?"

"ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿ. ಯಾರಿಗೆ ಬೈಬೇಕು ಅಂತ ಎಲ್ಲರಿಗೂ ಗೊತ್ತಾಗ್ಲಿ."

ಅಸಗಿರಿ ಗುರಾಯಿಸಿದ. "ಇನ್ನೊಂದ್ಸಲ ತೋರ್ಸಿ."

ಮೂರು ಸಲ ತೋರಿಸಿದಳು. ಗೊಣಗುತ್ತಲೇ ಅವನು ಲಕೋಟೆಯ ಮೇಲೆ ಮುದ್ರೆ ಒತ್ತಿ ಹೊರಟುಹೋದ.

ಕಾರಿಡಾರಿನ ಕಾಫಿ ಯಂತ್ರದ ಮುಂದೆ ಇಬ್ಬರೇ ನಿಂತರು. ಅವನು ಯಂತ್ರದಿಂದ ಬಿದ್ದ ಬಿಸಿ ಕಾಫಿ ಡಬ್ಬಿಯನ್ನು ಅವಳ ಪಕ್ಕದಲ್ಲಿಟ್ಟ.

"ಮೂರು ತಿಂಗಳು ನಿಮ್ಮ ಲಕೋಟೆಗೇ ಕಾಯ್ತಿದ್ದೆ," ಎಂದ ತಗ್ಗಿದ ದನಿಯಲ್ಲಿ. "ಚಿತ್ರಕ್ಕೆ ಮಾತ್ರ ಅಲ್ಲ..."

'ನಾನೂ!' ಎಂದಿತು ಅವಳ ಮನಸ್ಸು. ಬಾಯಿ ಮಾತ್ರ, "ಬಾಯಲ್ಲಿ ಹೇಳೋಕೆ ಬರದಿದ್ರೆ ಬರೆದು ಕೊಡಿ," ಎಂದಿತು.

ಅವನು ಜೇಬಿನಿಂದ ಹಳದಿ ಹಾಳೆ ತೆಗೆದು ಬರೆದ: 'ನಿಮ್ಮನ್ನು ಮನೆಗೆ ಬಿಟ್ಟುಬರಲೇ?'

ಅವಳು ಓದಿದಳು. ಕೂದಲಿನಿಂದ ಪೆನ್ಸಿಲ್ ಕಿತ್ತು 'ನಿಮ್ಮನ್ನು', 'ಬಿಟ್ಟುಬರಲೇ' ಎರಡನ್ನೂ ಹೊಡೆದುಹಾಕಿದಳು. ಮೇಲೆ ಬರೆದಳು: 'ಜೊತೆಗೆ ನಡೆಯೋಣವೇ?' ಚೀಲದಿಂದ, ಸಹಿಯ ಬದಲು ಬಳಸುವ ತನ್ನ ಹೆಸರಿನ ಮುದ್ರೆ ತೆಗೆದು ಕೆಳಗೆ ಒತ್ತಿದಳು.

"ತಿದ್ದುಪಡಿ ಒಪ್ಪಿಗೇನಾ, ಹಿನೋಹರಾ-ಸಾನ್?"

ಅವನ ಕಣ್ಣು ತುಂಬಿತ್ತು. "ಒಪ್ಪಿಗೆ."

"ಈಗ ಅಳ್ತಿರೋದು ಯಾರು ನೋಡಿ!" ಎಂದು ನಕ್ಕು, ಅವಳೇ ಅವನ ಕೈ ಹಿಡಿದಳು.