ಒಂದೇ ನಂಬರಿನ ಎರಡು ಕಾರು

ಆಸ್ಪತ್ರೆಯ ಗೇಟಿನೆದುರು ಟೈಲರ್ ಅಂಗಾತ ಬಿದ್ದಿದ್ದ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಗುದ್ದಿದ ಕಾರು ನಿಲ್ಲದೆ ಹೋಗಿತ್ತು. ಡಾಕ್ಟರು ಓಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಗೇಟಿನ ಕ್ಯಾಮೆರಾದಲ್ಲಿ ಬೂದು ಬಣ್ಣದ ಕಾರು. ನಂಬರ್ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಇನ್‌ಸ್ಪೆಕ್ಟರಮ್ಮ ಅದನ್ನು ಕಂಪ್ಯೂಟರಿಗೆ ಹಾಕಿದಳು. ಕಾರು ಒಬ್ಬ ಶಾಲಾ ಟೀಚರದು.

"ಸುಲಭವಾಯ್ತು ಮೇಡಂ" ಎಂದ ಪೇದೆ.

ಸುಲಭವಾಗಿದ್ದು ಅಲ್ಲಿಯವರೆಗೆ ಮಾತ್ರ.

*

ಟೀಚರ್ ಮಗಳನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತಿದ್ದಳು. ಪೊಲೀಸರು ಅಪಘಾತದ ಹೊತ್ತು ಹೇಳಿ, ಕಾರು ಆಗ ಎಲ್ಲಿತ್ತೆಂದು ಕೇಳಿದರು.

"ನನ್ನ ಕಾರು ಆಗ ಶಾಲೆ ಮುಂದಿತ್ತು. ಪಾರ್ಕಿಂಗಿನವರು ಚಕ್ರಕ್ಕೆ ಬೀಗ ಜಡಿದಿದ್ರು."

"ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇರೋ ಕಾರಿಗೆ ಬೀಗವಾ?"

"ನಾನೂ ಅದನ್ನೇ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ."

ಬಂಪರಿನ ಮೇಲೆ ಒಂದು ಗೀರೂ ಇಲ್ಲ. ಆದರೆ ಟೀಚರ ತಮ್ಮನದು ಗ್ಯಾರೇಜು. ನೆಗ್ಗಿದ್ದನ್ನು ಎತ್ತಿ ಬಣ್ಣ ಬಳಿಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅವನನ್ನು ಠಾಣೆಯಲ್ಲಿ ಕೂರಿಸಿದರು.

"ಅಕ್ಕನ ಕಾರಿನ ಬಣ್ಣ ಕೆರೆದು ನೋಡಿ ಮೇಡಂ. ಅದು ಕಂಪನಿಯಿಂದ ಬಂದ ಬಣ್ಣ."

ಕೆರೆದು ನೋಡಿದರು. ಅವನು ಹೇಳಿದ್ದು ನಿಜ.

*

"ಬೀಗ ಹಾಕಿದ್ದು ನಾನೇ" ಎಂದ ಪಾರ್ಕಿಂಗ್ ಪಹರೆಯವನು. "ನಂಬರ್ ಒತ್ತಿದೆ. ಆ ಕಾರು ಆಗಲೇ ಆಸ್ಪತ್ರೆಯ ಅಂಗವಿಕಲರ ಜಾಗದಲ್ಲಿದೆ ಅಂತ ಮಷೀನು ತೋರಿಸ್ತು. ಹಾಗಾದ್ರೆ ಕಣ್ಣೆದುರಿನದು ನಕಲಿ ಅಂದ್ಕೊಂಡೆ."

"ಅಸಲಿಗೆ ಬೀಗ, ನಕಲಿಗೆ ಸಲಾಮು!"

"ಮಷೀನು ಹೇಳಿದ್ದನ್ನ ಮೀರೋಕೆ ನಾನ್ಯಾರು ಮೇಡಂ?"

ಇನ್‌ಸ್ಪೆಕ್ಟರಮ್ಮ ಎರಡೂ ಕಾರುಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟಳು. ಎರಡರ ನಂಬರ್ ಪ್ಲೇಟಿನಲ್ಲೂ ಮೂರರ ಅಂಕಿಯ ಬಾಲ ಮುಕ್ಕಾಗಿತ್ತು. ಟೀಚರಿಗೆ ಫೋನ್ ಹಚ್ಚಿದಳು.

"ಪ್ಲೇಟು ಎಲ್ಲಿ ಮಾಡಿಸಿದ್ರಿ?"

"ಬಸ್ ಸ್ಟ್ಯಾಂಡ್ ಹಿಂದಿನ ಅಂಗಡೀಲಿ. ಆತ ಪರವಾನಗಿ ನೋಡಿ, 'ನಂದೂ ಇದೇ ಥರದ ಕಾರು, ಇದೇ ಬಣ್ಣ. ಆದ್ರೆ ನಿಲ್ಸೋಕೆ ನಿಮ್ಮ ಹಾಗೆ ಜಾಗ ಇಲ್ಲ' ಅಂದಿದ್ದ."

ಅಂಗಡಿ ಮುಚ್ಚಿತ್ತು. ಪಕ್ಕದ ಬೀಗ ರಿಪೇರಿ ಅಂಗಡಿಯವನು ಹೇಳಿದ: "ಅವನ ಹೆಂಡ್ತಿ ಆಸ್ಪತ್ರೇಲಿ. ಈಗ ಬಸ್ಸಲ್ಲೇ ಓಡಾಡ್ತಾನೆ. ಕಾರು ಹಿಂದಿನ ಶೆಡ್ಡಲ್ಲಿ ಸುಮ್ನೆ ನಿಂತಿದೆ."

ಶೆಡ್ಡಿನಲ್ಲಿ ಹೊದಿಕೆ ಸರಿಸಿದರು. ಬೂದು ಕಾರು. ಒಡೆದ ದೀಪ. ಅದರ ಸಂದಿಯಲ್ಲಿ ಟೈಲರನ ಅಂಗಿಯ ಚೂರು.

*

ಆಸ್ಪತ್ರೆಯ ವಾರ್ಡಿನಲ್ಲಿ ಪ್ಲೇಟಿನವನು ಹೆಂಡತಿಗೆ ಗಂಜಿ ಕುಡಿಸುತ್ತಿದ್ದ. ಪೊಲೀಸರನ್ನು ನೋಡಿದವನೇ ಬಟ್ಟಲು ಕೆಳಗಿಟ್ಟು ಹೊರಗೆ ಬಂದ.

"ಹೇಗೆ ಗೊತ್ತಾಯ್ತು?"

"ಆ ನಂಬರ್ ಒಂದೇ ಹೊತ್ತಲ್ಲಿ ಎರಡು ಕಡೆ ಇತ್ತು. ಒಂದರ ಚಕ್ರಕ್ಕೆ ಬೀಗ ಇತ್ತು, ಗುದ್ದಿದ್ದು ಇನ್ನೊಂದು. ಎರಡೂ ಪ್ಲೇಟಲ್ಲಿ ಅದೇ ಮುಕ್ಕು, ಅಂದ್ರೆ ಒಂದೇ ಅಚ್ಚು. ಆ ಅಚ್ಚು ನಿಂದು. ಟೀಚರ ಪರವಾನಗಿ ನೋಡಿದವನೂ ನೀನೇ."

ಅವನು ಗೋಡೆಗೊರಗಿದ.

"ಎಲ್ಲಿ ನಿಲ್ಲಿಸಿದ್ರೂ ಕಾರು ಎತ್ತಿಕೊಂಡು ಹೋಗ್ತಿದ್ರು ಮೇಡಂ. ಒಂದ್ಸಲ ಇವಳನ್ನ ಒಳಗೆ ಬಿಟ್ಟು ಬರೋಷ್ಟರಲ್ಲಿ ಕಾರೂ ಇಲ್ಲ, ಅದರಲ್ಲಿದ್ದ ಔಷಧಿನೂ ಇಲ್ಲ. ಆಮೇಲೆ ಆ ನಂಬರ್ ಹಾಕ್ಕೊಂಡೆ. ಅವತ್ತು ಇವಳಿಗೆ ಉಸಿರು ಕಟ್ಟಿತ್ತು. ಇಂಜೆಕ್ಷನ್ ಹೊರಗಿಂದ ತನ್ನಿ, ಈಗಲೇ ಅಂದ್ರು ಡಾಕ್ಟ್ರು. ಆ ಮನುಷ್ಯ ಎದುರಿಗೆ ಬಂದಿದ್ದೇ ಕಾಣಲಿಲ್ಲ."

"ನಿಲ್ಲಿಸಬಹುದಿತ್ತಲ್ಲ?"

"ನಿಲ್ಲಿಸಿದ್ರೆ ಇವಳು ಹೋಗ್ತಿದ್ದಳು. ಇಂಜೆಕ್ಷನ್ ತಗೊಂಡು ಕಾರು ಶೆಡ್ಡಲ್ಲಿ ಬಿಟ್ಟು, ಆಟೋದಲ್ಲಿ ವಾಪಸ್ ಬಂದೆ. ಅವನು ಇನ್ನೂ ಗೇಟಲ್ಲೇ ಬಿದ್ದಿದ್ದ. ಅವನ ಪಕ್ಕದಲ್ಲೇ ನಡ್ಕೊಂಡು ಒಳಗೆ ಬಂದೆ."

ಇನ್‌ಸ್ಪೆಕ್ಟರಮ್ಮನಿಗೆ ಬಾಗಿಲಿನಿಂದ ಹಾಸಿಗೆ ಕಾಣುತ್ತಿತ್ತು. ಠಾಣೆಯಲ್ಲಿ ಟೈಲರನ ಮಗಳು ಬೆಳಗಿನಿಂದ ಕಾದು ಕೂತಿದ್ದಳು.

"ನಿನ್ನ ಹೆಂಡತಿ ಜೊತೆಗೆ ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ."

"ಹೇಳಿ ಬಾ."

ಅವನು ಒಳಗೆ ಹೋಗಿ ಹೆಂಡತಿಯ ಬಾಯಿ ಒರೆಸಿದ. ದಿಂಬು ಸರಿ ಮಾಡಿದ. ಕೆಲಸವಿದೆ, ಹೋಗಬೇಕು ಎಂದ.

"ಮತ್ತೆ ಯಾವಾಗ ಬರ್ತೀರಿ?" ಎಂದಳು ಅವಳು.

ಅವನು ತಿರುಗಿ ಇನ್‌ಸ್ಪೆಕ್ಟರಮ್ಮನ ಮುಖ ನೋಡಿದ. ಅವಳು ನೆಲ ನೋಡುತ್ತ ನಿಂತಳು.