ಫಜ್ ಮೊದಲು, ಟ್ಯೂನರ್ ಆಮೇಲೆ

ಗಿಟಾರಿನ ದನಿಯನ್ನು ಗುಡುಗಿಸುವ ಆ ಫಜ್ ಪೆಡಲ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಡಾಕ್ಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತನೇ ಸಲ ಅದರ ಹೊಟ್ಟೆ ಬಿಚ್ಚಿಟ್ಟು, ಅವನು ಬರುವ ಹೊತ್ತಿಗೆ ಸರಿಯಾಗಿ ಮುಖ ಗಂಭೀರ ಮಾಡಿಕೊಂಡು ಕೂತಿದ್ದಳು.

ಅವಳೇನು ನಿಜವಾದ ಡಾಕ್ಟರಲ್ಲ. ಅಪ್ಪನ ರೇಡಿಯೋ ರಿಪೇರಿ ಅಂಗಡಿಯನ್ನು ಗಿಟಾರುಗಳ ಆಸ್ಪತ್ರೆ ಮಾಡಿಕೊಂಡವಳು. ಡಾಕ್ಟರಮ್ಮ ಅಂತ ಹೆಸರಿಟ್ಟವನು ಈ ಪೆಡಲಿನ ಒಡೆಯ, ಬೇಸ್ ಗಿಟಾರ್ ನುಡಿಸುವವನು. ಹಾಗೆ ಕರೆಯುತ್ತಿದ್ದವನೂ ಅವನೊಬ್ಬನೇ.

ಮೊದಲ ದಿನ ಅಂಗೈಯಗಲದ ಆ ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಂದಿದ್ದ: "ಡಾಕ್ಟರಮ್ಮಾ, ಕಾಲಲ್ಲಿ ಒತ್ತಿದ್ರೆ ಇದು ಗುಡುಗಬೇಕು. ಸೊಳ್ಳೆ ಥರ ಗುಂಯ್ ಅಂತಿದೆ."

ಅವಳು ಅಂಗಡಿಯ ಗಿಟಾರನ್ನು ಅದಕ್ಕೆ ಜೋಡಿಸಿ ತಂತಿ ಮೀಟಿದಳು. ಕಪಾಟಿನ ಗಾಜು ನಡುಗಿತು.

"ಗುಡುಗ್ತಿದೆಯಲ್ರೀ!"

"ನಿಮ್ಮನ್ನ ಕಂಡ್ರೆ ಇದಕ್ಕೂ ಭಯ" ಎಂದು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಇಂಥವನ್ನೆಲ್ಲ ಗಮನಿಸಬಾರದು. ಗಮನಿಸಿದರೆ ಕಥೆ ಮುಗಿದ ಹಾಗೆ.

ಮೂರನೇ ಸಲ ಅವನು ಇಡೀ ಬೋರ್ಡನ್ನೇ ಹೊತ್ತು ತಂದ. ಸಾಲಾಗಿ ನಾಲ್ಕು ಪೆಡಲ್. ಗಿಟಾರಿನ ದನಿ ಒಂದನ್ನು ಹೊಕ್ಕು, ಹೊರಟು, ಇನ್ನೊಂದನ್ನು ಹೊಕ್ಕು ಕೊನೆಗೆ ಸ್ಪೀಕರ್ ಸೇರಬೇಕು. ಎಲ್ಲಕ್ಕಿಂತ ಮುಂದೆ ಶ್ರುತಿ ನೋಡುವ ಟ್ಯೂನರ್ ಕೂತಿತ್ತು. ಅದರ ಬೆನ್ನಿಗೆ ಫಜ್, ಆಮೇಲೆ ಕಂಪ್ರೆಸರ್, ಕೋರಸ್.

"ಕಲಿಸಿದ ಮೇಷ್ಟ್ರು ಹೇಳಿದ್ರು, ಮೊದಲು ಶ್ರುತಿ, ಮಿಕ್ಕಿದ್ದೆಲ್ಲ ಆಮೇಲೆ ಅಂತ. ಅದನ್ನ ಮಾತ್ರ ನಾನು ಕದಲಿಸಲ್ಲ."

ಅವಳಿಗೆ ತಕ್ಷಣ ಹೊಳೆಯಿತು. ಇಂಥ ಹಳೇ ಕಾಲದ ಫಜ್ ಗಿಟಾರಿನ ಮಾತನ್ನು ನೇರವಾಗಿ ಕೇಳಬೇಕು. ನಡುವೆ ಟ್ಯೂನರ್ ಕೂತು ತಿದ್ದಿ ತೀಡಿ ಕಳಿಸಿದರೆ ಅದರ ದನಿ ಬಡವಾಗಿಬಿಡುತ್ತದೆ. ಎರಡರ ಜಾಗ ಅದಲು ಬದಲು ಮಾಡಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ.

"ಒಂದು ವಾರ ಬಿಟ್ಟು ಬನ್ನಿ" ಅಂದಳು.

ಅವನು ಬಂದ. ಮತ್ತೆ ಬಂದ. ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ ಪೆಡಲುಗಳ ಸಂಸಾರದ ಪಂಚಾಯಿತಿ ನಡೆಸಿದ.

"ಕೋರಸ್‌ನ ಕಂಪ್ರೆಸರ್‌ಗಿಂತ ಮುಂದೆ ಹಾಕ್ಲಾ?"

"ಬೇಡ, ಕೊನೇಲಿರ್ಲಿ. ಗ್ರೂಪ್ ಫೋಟೋದಲ್ಲಿ ಉದ್ದ ಇರೋರು ಹಿಂದೆ ತಾನೇ ನಿಲ್ಲೋದು?"

"ಹಾಗಾದ್ರೆ ಇಷ್ಟು ಉದ್ದ ಇರೋ ನಾನು ನಿಮ್ಮ ಪಕ್ಕ ನಿಲ್ಲೋ ಹಾಗಿಲ್ಲ."

ಅವಳು ಸ್ಕ್ರೂ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದಳು. ಸ್ಕ್ರೂ ಕೈಯಲ್ಲೇ ಇತ್ತು.

ಕಿವಿ ಮಂದವಾದ ಅಪ್ಪ ಮೂಲೆಯ ಕುರ್ಚಿಯಿಂದ ಒಮ್ಮೆ ಅಂದಿದ್ದರು: "ಮಗಳೇ, ನಲವತ್ತು ವರ್ಷ ಕೆಟ್ಟಿದ್ದನ್ನ ರಿಪೇರಿ ಮಾಡಿದೀನಿ. ನೆಟ್ಟಗಿರೋದನ್ನ ಇಷ್ಟು ಸಲ ರಿಪೇರಿ ಮಾಡಿದವರನ್ನ ನೋಡಿಲ್ಲಮ್ಮ."

ಇವತ್ತು ಅವನು ಬಂದಾಗ ಹೆಗಲಲ್ಲಿ ಗಿಟಾರ್, ಕೈಯಲ್ಲಿ ಬೋರ್ಡ್. ಸ್ಟೂಲಿನ ಮೇಲೆ ಕೂರಲಿಲ್ಲ.

"ಇವನ್ನೆಲ್ಲ ಯಾರಾದ್ರೂ ಕಲಿಯೋರಿಗೆ ಕೊಟ್ಬಿಡಿ ಡಾಕ್ಟರಮ್ಮಾ. ಆ ಫಜ್‌ನೂ."

"ಯಾಕ್ರೀ?"

"ನಮ್ಮ ಬ್ಯಾಂಡಿನ ರೆಕಾರ್ಡಿಂಗ್ ಮುಗೀತು. ನಾನಿಲ್ದೆ. ನನ್ನ ದನೀಲಿ ತೂಕ ಇಲ್ವಂತೆ, ಬೇರೆಯವನನ್ನ ಕರೆಸಿದ್ರು." ನಗಲು ನೋಡಿದ. "ಪ್ರವಾಸಿ ಹಡಗಲ್ಲಿ ಕೆಲಸ ಸಿಕ್ಕಿದೆ. ಎರಡು ವರ್ಷ. ನಾಳಿದ್ದು ಹೊರಡ್ತೀನಿ. ಅಲ್ಲಿ ಗುಡುಗೋದು ಬೇಡ, ಊಟಕ್ಕೆ ಕೂತೋರಿಗೆ ತೊಂದ್ರೆ ಆಗ್ದಿದ್ರೆ ಸಾಕು."

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಫಜ್‌ನ ಹೊಟ್ಟೆ ಮುಚ್ಚಿ ನಾಲ್ಕು ಸ್ಕ್ರೂ ಬಿಗಿದಳು. ಬೋರ್ಡಿನ ಮುಂದಿದ್ದ ಟ್ಯೂನರನ್ನು ಕಿತ್ತು ಹಿಂದಕ್ಕೆ ಸರಿಸಿದಳು. ಅದರ ಜಾಗದಲ್ಲಿ ಫಜ್ ಕೂರಿಸಿದಳು.

"ನುಡಿಸಿ."

ಅವನು ಎಲ್ಲಕ್ಕಿಂತ ದಪ್ಪ ತಂತಿ ಮೀಟಿದ. ನೆಲ ಕಂಪಿಸಿತು. ಮೂಲೆಯಲ್ಲಿದ್ದ ಅಪ್ಪ ಬೆಚ್ಚಿ ಗೋಡೆಗೆ ಅಂಗೈ ಒತ್ತಿ, ಹಾಗೇ ಇಟ್ಟುಕೊಂಡರು. ತನ್ನನ್ನು ಬಿಟ್ಟು ರೆಕಾರ್ಡ್ ಆದ ಹಾಡನ್ನು ಅವನು ಕಣ್ಣುಮುಚ್ಚಿ ಪೂರ್ತಿ ನುಡಿಸಿದ.

"ಏನ್ ಮಾಡಿದ್ರಿ?"

"ಜಾಗ ಬದಲಾಯಿಸಿದೆ. ಅಷ್ಟೇ."

"ಇದು ಯಾವಾಗ ಗೊತ್ತಾಯ್ತು ನಿಮಗೆ?"

'ಈಗಷ್ಟೇ' ಅಂದಿದ್ದರೆ ಅವನು ನಂಬುತ್ತಿದ್ದ.

"ಮೂರನೇ ಸಲ ಬಂದಾಗ" ಎಂದಳು. "ಸರಿಹೋದ್ರೆ ನೀವು ಮತ್ತೆ ಬರಲ್ವಲ್ಲ ಅಂತ... ರೆಕಾರ್ಡಿಂಗ್ ವಿಷಯ ಗೊತ್ತಿರ್ಲಿಲ್ಲ ನನಗೆ."

ಅವನು ತಂತಿಗಳ ಮೇಲೆ ಅಂಗೈಯಿಟ್ಟು ಉಳಿದ ಗುಂಯ್‌ಗುಡುವಿಕೆಯನ್ನೂ ಅಡಗಿಸಿದ. ಕೋಪ ಬಂದಿತ್ತು, ದವಡೆಯಲ್ಲಿ ಕಾಣುತ್ತಿತ್ತು. ಬಯ್ದುಬಿಡಲಿ ಎಂದು ಅವಳು ಕಾದಳು.

"ಬನ್ನಿ ಅಂದಿದ್ರೆ ಬರ್ತಿದ್ನಲ್ಲ" ಎಂದ ಕೊನೆಗೆ, ಮೆಲ್ಲಗೆ. "ಕೈಯಲ್ಲಿ ಏನೂ ಇಲ್ದೇನೇ ಬರ್ತಿದ್ದೆ."

"ನಾಳಿದ್ದು ಹೋಗ್ಲೇಬೇಕಾ?"

"ಸಹಿ ಹಾಕಿಬಿಟ್ಟೆ."

ಗಿಟಾರನ್ನು ಚೀಲಕ್ಕೆ ಸೇರಿಸಿದ. ಬೋರ್ಡನ್ನು ಮೇಜಿನ ಮೇಲೇ ಬಿಟ್ಟು, ಫಜ್ ಒಂದನ್ನು ಮಾತ್ರ ಬಿಡಿಸಿಕೊಂಡು ಜೇಬಿಗಿಳಿಸಿದ. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಕೇಳಿದ:

"ಇದು ಮತ್ತೆ ಕೆಟ್ರೆ?"

"ಅದು ಕೆಡಲ್ಲ." ಇಷ್ಟು ತಿಂಗಳು ಸ್ಕ್ರೂಗಳ ಕೆಳಗೆ ಮುಚ್ಚಿಟ್ಟಿದ್ದ ಮಾತು ಆಮೇಲೆ ಹೊರಬಂತು. "ಕೆಡದಿದ್ರೂ ಬನ್ನಿ."

ಅವನು ತಿರುಗಿದ. ನಕ್ಕ. ಎಡಗಣ್ಣು, ಎಂದಿನಂತೆ, ಮೊದಲು ಮುಚ್ಚಿಕೊಂಡಿತು. ಬಲಗಣ್ಣಿನಲ್ಲಿ ನೀರಿತ್ತು.