ಕಾರಿನ ಊಟ

"ಇದನ್ನ ಹೊದಿಸಿದ್ದು ಯಾರು?"

ತಂಡದ ಕ್ಯಾಪ್ಟನ್ ಕೈಯಲ್ಲಿ ಒಂದು ನೀಲಿ ಬೆಡ್‌ಶೀಟ್ ಇತ್ತು. ಅವನ ಹಿಂದೆ ಸೋಲಾರ್ ಕಾರು ನಿಂತಿತ್ತು. ಯೂನಿವರ್ಸಿಟಿಯ ಹುಡುಗ ಹುಡುಗಿಯರು ತಾವೇ ಕೂತು ಮಾಡಿದ ಕಾರು ಅದು. ರೇಸಿನ ನಡುವೆ ಊಟಕ್ಕೆಂದು ನಿಲ್ಲಿಸಿದ್ದರು. ಅದನ್ನು ಓಡಿಸುವವಳು ಕಡ್ಡಿಯ ಅಕ್ಕ.

ಕಡ್ಡಿ ಎಂದರೆ ಹತ್ತು ವರ್ಷದ ಹುಡುಗಿ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

"ನಾನೇ," ಎಂದಳು ಕಡ್ಡಿ. "ಬಿಸಿಲಿಗೆ ಸುಡ್ತಾ ಇತ್ತು. ಗಾಡೀನ ಬಿಸಿಲಲ್ಲಿ ಬಿಡಬಾರ್ದು ಅಂತ ಅಪ್ಪ ಯಾವಾಗ್ಲೂ ಹೇಳ್ತಾರೆ."

ಅಪ್ಪ ಟ್ಯಾಕ್ಸಿ ಡ್ರೈವರ್. ನೆರಳು ಸಿಗುವವರೆಗೆ ಊಟಕ್ಕೂ ಗಾಡಿ ನಿಲ್ಲಿಸುವವರಲ್ಲ. ಅವರೀಗ ಕೆಮ್ಮಿ, ಬೇರೆ ಕಡೆ ನೋಡಿದರು.

"ಅಯ್ಯೋ ಪುಟ್ಟಾ," ಎಂದ ಕ್ಯಾಪ್ಟನ್. "ನಮ್ ಹಾಗೇ ಅದೂ ಊಟ ಮಾಡ್ತಾ ಇತ್ತು. ಬಿಸಿಲೇ ಅದರ ಊಟ. ನೀನು ತಟ್ಟೇನೇ ಎಳ್ಕೊಂಡ್ಬಿಟ್ಟೆ."

ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ಅಕ್ಕ ಹೆಲ್ಮೆಟ್ ಹಾಕಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಕಡ್ಡಿಗೆ.

ಕಾರು ಹೊರಟಿತು. ಹಿಂದೆಯೇ ಅಪ್ಪನ ಟ್ಯಾಕ್ಸಿಯೂ ಹೊರಟಿತು. ಕಡ್ಡಿ ಅದರಲ್ಲಿ ಕೂತು ಇಡೀ ದಾರಿ ಮುಂದಿನ ಕಾರನ್ನೇ ನೋಡುತ್ತಿದ್ದಳು.

ಸಂಜೆ, ರೇಸು ಮುಗಿಯುವ ಜಾಗದ ಬಾವುಟ ಕಣ್ಣಿಗೆ ಕಾಣುತ್ತಿರುವಾಗಲೇ ಕಾರು ನಿಂತುಬಿಟ್ಟಿತು.

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲಪ್ಪ," ಎಂದು ಕ್ಯಾಪ್ಟನ್ ರಸ್ತೆಯ ಪಕ್ಕದಲ್ಲೇ ಕೂತ. ಯಾರೂ ತಳ್ಳುವ ಹಾಗಿರಲಿಲ್ಲ, ತಳ್ಳಿದರೆ ಔಟ್. ಉಳಿದಿರುವ ಬಿಸಿಲಿನಿಂದ ಬ್ಯಾಟರಿ ಸ್ವಲ್ಪವಾದರೂ ತುಂಬಬೇಕು. ಹೊತ್ತು ಮುಳುಗಿದರೆ ಅಲ್ಲಿಗೆ ಮುಗಿಯಿತು.

ಕಡ್ಡಿ ಟ್ಯಾಕ್ಸಿಯಿಂದ ಇಳಿದು ಅಕ್ಕನ ಕಿಟಕಿಯ ಹತ್ತಿರ ಓಡಿದಳು.

"ಅಕ್ಕಾ, ಸಾರಿ. ಎಲ್ಲಾ ನನ್ನಿಂದಾನೇ."

"ಹೋಗ್ಲಿ ಬಿಡೇ. ಇಲ್ಲೇ ನಿಂತ್ಕೋ. ಒಬ್ಳೇ ಕೂತು ಕೂತು ಬೇಜಾರಾಗಿದೆ."

ಕಡ್ಡಿಗೆ ಜೀವ ಬಂದ ಹಾಗಾಯಿತು. ಅಲ್ಲೇ ನಿಂತಳು. ಆಗ ಕಾರಿನ ಮೇಲೆ ಉದ್ದಕ್ಕೆ ಏನೋ ಕಪ್ಪಗೆ ಬಿದ್ದಿರುವುದು ಕಂಡಿತು. ಅವಳು ತಲೆ ಆಡಿಸಿದರೆ ಅದೂ ಆಡಿತು.

ಕಡ್ಡಿ ಮೆಲ್ಲಗೆ ಹಿಂದೆ ಸರಿದಳು.

"ಎಲ್ಲಿಗೇ?" ಎಂದಳು ಅಕ್ಕ.

"ಇಲ್ಲೇ ಇದ್ದೀನಿ," ಎಂದು ಕಡ್ಡಿ ಕಾರನ್ನು ಸುತ್ತಿ ಆಚೆ ಬದಿಗೆ ಹೋದಳು. ಅಲ್ಲಿಂದ ಅಕ್ಕನ ಮುಖ ಕಾಣುತ್ತಿರಲಿಲ್ಲ. ಕಾರಿನ ಮೇಲೆ ಮಾತ್ರ ಪೂರ್ತಿ ಬಿಸಿಲಿತ್ತು.

ತುಂಬ ಹೊತ್ತಾದ ಮೇಲೆ ಚಕ್ರ ಉರುಳಿತು. ನಡೆಯುವವರಷ್ಟೇ ನಿಧಾನವಾಗಿ ಕಾರು ಬಾವುಟದ ಕಡೆ ಹೊರಟಿತು. ಎಲ್ಲರೂ ಕೂಗುತ್ತಾ ಅದರ ಹತ್ತಿರಕ್ಕೆ ಓಡಿದರು.

ಕಡ್ಡಿ ಓಡಲಿಲ್ಲ. ರಸ್ತೆಯ ಆಚೆ ಅಂಚಿನಲ್ಲೇ, ಕಾರಿನ ಜೊತೆಜೊತೆಗೆ ನಡೆದಳು.